ಚಕೋರದ ಎಡಗಡೆಯ ಸೀಟು

ಚಕೋರ ಕಾರಿನ ಎಡಗಡೆಯ ಸೀಟು ಬಲಗಡೆಯದಕ್ಕಿಂತ ಮೆತ್ತಗಿತ್ತು. ಓಡಿಸುವವನಿಗೆ ಸಾಧಾರಣ ಸೀಟು, ಪಕ್ಕದಲ್ಲಿ ಕೂರುವವರಿಗೆ ಸೋಫಾದಂಥದ್ದು. ಕೈ ಊರಲು ಅಗಲವಾದ ಪಟ್ಟಿ, ಕಾಲು ಚಾಚಲು ಜಾಗ, ಬಿಸಿಲು ಬಿದ್ದರೆ ಎಳೆದುಕೊಳ್ಳಲು ಹಸಿರು ಬಟ್ಟೆಯ ಪುಟ್ಟ ಪರದೆ. ಹೊರಗಿನಿಂದ ಬಂದವರು ಇದನ್ನು ನೋಡಿ ನಗುತ್ತಿದ್ದರು. ನಮ್ಮೂರಿನವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಯಾಕೆಂದರೆ ನಮ್ಮೂರಿನಲ್ಲಿ ಕಾರಿನೊಳಗೆ ಒಬ್ಬರೇ ಇದ್ದರೆ ಕಾರು ಹೊರಡುತ್ತಿರಲಿಲ್ಲ. ಎಂಜಿನ್ ಶುರುವಾಗುತ್ತಿತ್ತು, ಗೇರೂ ಬೀಳುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಇನ್ನೊಬ್ಬರು ಹತ್ತಿ ಬಾಗಿಲು ಹಾಕಿಕೊಂಡರೆ ಸರಿಹೋಗುತ್ತಿತ್ತು. ಅಕ್ಕಿ ಮೂಟೆ ಇಟ್ಟರೆ ಆಗುತ್ತಿರಲಿಲ್ಲ, ನಾಯಿಯನ್ನು ಕೂರಿಸಿದರೂ ಆಗುತ್ತಿರಲಿಲ್ಲ, ನಿದ್ದೆ ಹೋದ ಕೂಸಾದರೆ ಆಗುತ್ತಿತ್ತು. ಸ್ಕೂಟರಿಗೆ, ಸೈಕಲ್ಲಿಗೆ ಈ ತೊಡಕಿರಲಿಲ್ಲ. ಕಾರಿಗೆ ಮಾತ್ರ.

ಹಾಗಾಗಿ ಊರಿನ ಪ್ರತಿ ಸರ್ಕಲ್ಲಿನಲ್ಲೂ ಒಂದು ಕಟ್ಟೆಯಿತ್ತು. ಜೊತೆಕಟ್ಟೆ ಎನ್ನುತ್ತಿದ್ದೆವು. ಎಲ್ಲಿಗಾದರೂ ಹೋಗಬೇಕಾದವರು, ಎಲ್ಲಿಗೂ ಹೋಗಬೇಕಿಲ್ಲದವರು, ಸಂತೆಯಿಂದ ಸೊಪ್ಪು ತಂದ ಹೆಂಗಸರು, ಪೆನ್ಷನ್ ಬಂದ ಗಂಡಸರು ಅಲ್ಲಿ ಕೂತಿರುತ್ತಿದ್ದರು. ಕಾರು ಇದ್ದವನು ಕಟ್ಟೆಯವರೆಗೆ ನಡೆದು ಹೋಗಿ ಜೊತೆಗೆ ಬರ್ತೀರಾ ಎಂದು ಕೇಳುತ್ತಿದ್ದ. ಕೇಳಿದವರಿಗೆ ಇಲ್ಲವೆನ್ನುವುದು ಊರಿನ ರೀತಿಯಲ್ಲ. ದುಡ್ಡು ಕೊಡುವುದು ಅದಕ್ಕಿಂತ ದೊಡ್ಡ ಅವಮಾನ. ಜಾನುವಾರು ಡಾಕ್ಟರರೊಬ್ಬರು ಒಮ್ಮೆ, ಜೊತೆಗೆ ಬಂದವನು ನಡುವೆ ಇಳಿದುಹೋಗಿ, ಹುಲ್ಲುಗಾವಲಿನ ದಾರಿಯಲ್ಲಿ ಒಂಟಿಯಾಗಿ ಸಿಕ್ಕಿಕೊಂಡು, ಮಧ್ಯಾಹ್ನವೆಲ್ಲ ಕಾದು, ಕೊನೆಗೆ ಒಬ್ಬ ಕುರಿ ಕಾಯುವವನನ್ನು ಕೂರಿಸಿಕೊಂಡು ಊರಿಗೆ ಬಂದರು. ಆಮೇಲೆ ಅವನನ್ನು ವಾಪಸ್ ಬಿಡಬೇಕಾಯಿತು. ಬಿಟ್ಟು ಬರಲು ಇನ್ನೊಬ್ಬರು ಜೊತೆಗೆ ಬೇಕಾಯಿತು. ಡಾಕ್ಟರು ತಮ್ಮ ಅತ್ತೆಯನ್ನು ಕರೆದುಕೊಂಡು ಹೋದರು, ಅತ್ತೆ ಆ ಕುರುಬರ ಹಟ್ಟಿಯಲ್ಲಿ ಮಜ್ಜಿಗೆ ಕುಡಿದು, ಕಂಬಳಿ ಕೊಂಡು, ವರ್ಷಗಟ್ಟಲೆ ಅವರ ಮದುವೆ ಮುಂಜಿಗಳಿಗೆ ಹೋಗಿಬಂದರು. ಒಂದೇ ಗೋಡೆಗಾಗಿ ಕೋರ್ಟಿನಲ್ಲಿ ಬಡಿದಾಡುತ್ತಿದ್ದ ಅಕ್ಕಪಕ್ಕದ ಮನೆಯವರಿಬ್ಬರು ವಾಯಿದೆಯ ದಿನ ಒಂದೇ ಕಾರಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಇಬ್ಬರೂ ಅದೇ ಹೊತ್ತಿಗೆ ಅದೇ ಕಡೆಗೆ ಹೋಗಬೇಕಾದವರು.

ಸಾಹುಕಾರರ ದೊಡ್ಡ ಕಾರುಗಳಿಗೆ ಡ್ರೈವರ್ ಇರುತ್ತಿದ್ದ, ಅವರಿಗೆ ಚಿಂತೆಯಿರಲಿಲ್ಲ. ಡಬ್ಬಿಯಂಥ ಸಣ್ಣ ಕಾರುಗಳಲ್ಲಿ ಗುರುತಿಲ್ಲದವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು ಎಲ್ಲರಿಗೂ ಮುಜುಗರ. ಚಕೋರ ಇವೆರಡರ ನಡುವಿನದು. ಹೆಡ್‌ಮಾಸ್ತರರು, ಬ್ಯಾಂಕಿನವರು, ಜವಳಿ ಅಂಗಡಿಯವರು, ಹಲ್ಲಿನ ಡಾಕ್ಟರು ತಗೊಳ್ಳುತ್ತಿದ್ದ ಕಾರು. ಕಾಲುವೆಯಾಚೆ ಅದರ ಕಾರ್ಖಾನೆಯಿತ್ತು. ಬೆಳಿಗ್ಗೆ ಅಲ್ಲಿಯ ಸೈರನ್ ಕೂಗಿದರೆ ಊರಿನ ಅರ್ಧ ಮನೆಗಳಲ್ಲಿ ಗಂಡಸರು ಎದ್ದು ಹಲ್ಲುಜ್ಜುತ್ತಿದ್ದರು.

ನಾನು ಆ ಕಾರುಗಳನ್ನು ಮಾರುತ್ತಿದ್ದೆ. ಮುರಿಗೆಪ್ಪನವರ ಷೋರೂಮು ಊರಿನಲ್ಲಿ ಚಕೋರಕ್ಕಿದ್ದ ಒಂದೇ ಷೋರೂಮು. ಕಾಲೇಜು ಮುಗಿಸಿ ಅಲ್ಲಿ ಸೇರಿಕೊಂಡವನು ಮ್ಯಾನೇಜರ್ ಆಗಿ ತಲೆ ಬೆಳ್ಳಗಾಗುವವರೆಗೂ ಅಲ್ಲೇ ಇದ್ದೆ. ನನ್ನ ಕೆಲಸ ಸುಲಭದ್ದು. ಗಿರಾಕಿಯ ಕೈಗೆ ಬೀಗದ ಕೈ ಕೊಟ್ಟು, ನಾನು ಎಡಗಡೆ ಹತ್ತಿ ಕೂರುತ್ತಿದ್ದೆ. ಕಾರಿನ ಬಗ್ಗೆ ನಾನು ಹೆಚ್ಚು ಹೇಳುತ್ತಿರಲಿಲ್ಲ. ಅವರ ಮನೆ ವಿಷಯ, ಮಗಳ ಓದು, ಬಾವಿಯ ನೀರು ಅಂತ ಮಾತು ತೆಗೆಯುತ್ತಿದ್ದೆ. ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಗಿರಾಕಿಗೆ ಕಾರು ತನ್ನದೇ ಅನ್ನಿಸಿಬಿಡುತ್ತಿತ್ತು. ಎಷ್ಟೋ ಜನ ನನ್ನ ಸ್ನೇಹಿತರಾದದ್ದು ಹಾಗೆ.

ನನ್ನ ಹೆಂಡತಿ ಕಾತ್ಯಾಯಿನಿ ಮೇಲಿನ ಪೇಟೆಯ ಹೊಲಿಗೆ ಶಾಲೆಯಲ್ಲಿ ಕಲಿಸುತ್ತಿದ್ದಳು. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ನನ್ನ ಬೂದುಬಣ್ಣದ ಚಕೋರದಲ್ಲಿ ಇಬ್ಬರೂ ಹೊರಡುತ್ತಿದ್ದೆವು. ಅವಳನ್ನು ಶಾಲೆಯ ಮುಂದೆ ಇಳಿಸಿ, ಅಲ್ಲಿಯ ಕಟ್ಟೆಯಿಂದ ಯಾರನ್ನಾದರೂ ಹತ್ತಿಸಿಕೊಂಡು ನಾನು ಷೋರೂಮಿಗೆ ಹೋಗುತ್ತಿದ್ದೆ. ಸಂಜೆ ಅವಳು ಮೆಟ್ಟಿಲ ಮೇಲೆ ಕಾದಿರುತ್ತಿದ್ದಳು. ಭಾನುವಾರ ತರಕಾರಿಗೆ, ತಿಂಗಳಿಗೊಮ್ಮೆ ನನ್ನ ಅಕ್ಕನ ಮನೆಗೆ, ಆಗೀಗ ಸಿನಿಮಾಕ್ಕೆ. ಮನೆಯಲ್ಲಿ ನಾವು ಅಷ್ಟು ಮಾತಾಡುತ್ತಿರಲಿಲ್ಲ, ಅವಳು ಅಡುಗೆಮನೆ, ನಾನು ರೇಡಿಯೋ. ಆದರೆ ಕಾರಿನಲ್ಲಿ ಷೋರೂಮಿನ ಸುದ್ದಿಯೆಲ್ಲ ಅವಳಿಗೆ ಹೇಳುತ್ತಿದ್ದೆ. ಯಾರು ಯಾವ ಬಣ್ಣ ಕೇಳಿದರು, ಯಾರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು, ಮುರಿಗೆಪ್ಪನವರು ಏನೆಂದರು. ಅವಳು ಹಸಿರು ಪರದೆ ಸರಿಸಿ ಹೊರಗೆ ನೋಡುತ್ತ ಹೂಂ ಎನ್ನುತ್ತಿದ್ದಳು. ಗಂಡ ಹೆಂಡತಿ ಹೀಗೆ ದಿನಾ ಎದೆ ಬಿಚ್ಚಿ ಮಾತಾಡುವ ಮನೆಗಳು ಊರಿನಲ್ಲಿ ಕಡಿಮೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಚಕೋರ ಕೆಡಲು ಶುರುವಾದದ್ದು ಆ ಸೀಟಿನಿಂದಲೇ. ಹಳೆಯ ಮಾಲೀಕರು ತೀರಿಕೊಂಡು ಕಂಪನಿ ಬೇರೆಯವರ ಕೈಗೆ ಹೋಯಿತು. ಹೊಸಬರು ಎಲ್ಲೋ ದೂರದಲ್ಲಿದ್ದವರು, ಖರ್ಚಿನ ಲೆಕ್ಕ ಹಾಕಿದರು. ಎರಡು ಸೀಟು ಎರಡು ಥರ ಯಾಕೆ ಎಂದು ಕೇಳಿ ಎಡಗಡೆಯದನ್ನೂ ಬಲಗಡೆಯಂತೆಯೇ ಗಟ್ಟಿ ಮಾಡಿದರು. ಪರದೆ ತೆಗೆದರು. ಅದರ ಮುಂದಿನ ವರ್ಷ ಬಾಗಿಲಿನ ತಗಡು ತೆಳುವಾಯಿತು, ಹಾಕಿದರೆ ಮೊದಲಿನಂತೆ ದಪ್ಪ ಸದ್ದು ಬರುತ್ತಿರಲಿಲ್ಲ. ಮುಂದಿನ ದೀಪಗಳನ್ನು ವರ್ಷಕ್ಕೊಂದು ಸಲ ಬದಲಾಯಿಸಿ ಹೊಸ ಮಾಡೆಲ್ ಎಂದರು. ಕೆಲವು ತಿಂಗಳು ದೊಡ್ಡ ಕಾರಿನ ಜೊತೆ ಪೈಪೋಟಿ ಎಂದು ಬೆಲೆ ಏರಿಸಿದರು, ಆಗದಿದ್ದಾಗ ಸಣ್ಣ ಕಾರಿನ ಜೊತೆ ಎಂದು ಇಳಿಸಿದರು. ಹಳೆ ಗಿರಾಕಿಗಳು ಬಂದು ಎಡಗಡೆ ಕೂತು, ಸೀಟನ್ನು ಕೈಯಿಂದ ಅಮುಕಿ ನೋಡಿ, ಇಳಿದು ಹೋಗುತ್ತಿದ್ದರು. ನಾನು ಕಂಪನಿಗೆ ಬರೆದೆ. ಮುರಿಗೆಪ್ಪನವರು ಖುದ್ದಾಗಿ ಹೋಗಿ ಬಂದರು. ಅಲ್ಲಿ ಅವರಿಗೆ ಟೀ ಕೊಟ್ಟು, ನಡುವಿನ ಕಾರಿಗೆ ಇನ್ನು ಕಾಲವಿಲ್ಲ, ಜನ ಒಂದೋ ಮೇಲೆ ಹೋಗ್ತಾರೆ ಇಲ್ಲ ಕೆಳಗೆ ಹೋಗ್ತಾರೆ ಎಂದು ಒಬ್ಬ ಹುಡುಗ ಗೋಡೆಯ ಮೇಲೆ ಚಿತ್ರ ತೋರಿಸಿದನಂತೆ.

ಅಷ್ಟರಲ್ಲಿ ಸ್ವಾತಿ ಬಂತು. ಅದು ಬೇರೆ ಕಂಪನಿಯದು, ಹೊರಗಿನದು. ಬಸ್‌ಸ್ಟ್ಯಾಂಡಿನ ಎದುರಿಗೆ ಗಾಜಿನ ಅಂಗಡಿ ತೆರೆದು ಬಿಳಿ ಕಾರೊಂದನ್ನು ಮುಂದೆ ನಿಲ್ಲಿಸಿದರು. ಮೊದಲ ದಿನ ಯಾರೋ ಒಬ್ಬ ಲೆಕ್ಕಾಧಿಕಾರಿ ಸುಮ್ಮನೆ ಹತ್ತಿ ಕೂತು ಕ್ಲಚ್ ಬಿಟ್ಟನಂತೆ. ಕಾರು ಹೊರಟೇಬಿಟ್ಟಿತು, ಪಕ್ಕದ ಸೀಟು ಖಾಲಿಯಿತ್ತು. ಅವನು ಹೆದರಿ ಬ್ರೇಕು ಒತ್ತಿ, ಇಳಿದು ಸುತ್ತ ನೋಡಿ, ಮತ್ತೆ ಹತ್ತಿ, ಸಂತೆಮಾಳದವರೆಗೂ ಹೋಗಿ ಬಂದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಜನ ಬಸ್‌ಸ್ಟ್ಯಾಂಡಿನ ಮುಂದೆ ಸಾಲುಗಟ್ಟಿ ನಿಂತರು. ನಾನೂ ದೂರದಿಂದ ನೋಡಿದೆ. ಒಬ್ಬೊಬ್ಬರೇ ಕಾರಿನಲ್ಲಿ ಹೋಗುವುದು ಕಣ್ಣಿಗೆ ವಿಚಿತ್ರವಾಗಿ ಕಾಣುತ್ತಿತ್ತು, ಅರ್ಧ ತುಂಬಿದ ಚೀಲದ ಹಾಗೆ. ಇದು ನಾಲ್ಕು ದಿನದ ಹುಚ್ಚು ಎಂದು ಷೋರೂಮಿಗೆ ಬಂದು ಹೇಳಿದೆ.

ಜೊತೆಕಟ್ಟೆಗಳಲ್ಲಿ ಜನ ಮೊದಲಿನಂತೆಯೇ ಬಂದು ಕೂರುತ್ತಿದ್ದರು, ಕರೆಯುವವರು ಕಡಿಮೆಯಾದರು. ಪೆನ್ಷನ್ ಗಂಡಸರು ಮಧ್ಯಾಹ್ನದವರೆಗೂ ಕೂತು ಎದ್ದು ಹೋಗುತ್ತಿದ್ದರು. ಗೋಡೆಯ ಜಗಳದ ಆ ಇಬ್ಬರೂ ಒಂದೊಂದು ಸ್ವಾತಿ ಕೊಂಡರು, ರಾಜಿಯಾಗುವ ಹಂತಕ್ಕೆ ಬಂದಿದ್ದ ಕೇಸು ಮೇಲಿನ ಕೋರ್ಟಿಗೆ ಹೋಯಿತು. ಹಾಗಂತ ಎಲ್ಲವೂ ಕೆಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಬೀದಿಯ ಸೂಲಗಿತ್ತಿ ನರ್ಸಮ್ಮನಿಗೆ ಯಾವ ಹೊತ್ತಿಗೆ ಕರೆ ಬಂದರೂ ಜೊತೆ ಹುಡುಕುವ ಕಷ್ಟ ತಪ್ಪಿತು. ಅದನ್ನು ಅವರು ನನ್ನ ಎದುರಿಗೇ ಹೇಳಿದರು.

ಒಂದು ಸಂಜೆ ಹೊಲಿಗೆ ಶಾಲೆಯ ಮುಂದೆ ಕಾರು ನಿಲ್ಲಿಸಿದರೆ ಮೆಟ್ಟಿಲ ಮೇಲೆ ಕಾತ್ಯಾಯಿನಿ ಇರಲಿಲ್ಲ. ಜವಾನ ಬಂದು, ಅಮ್ಮಾವ್ರು ಆಗಲೇ ಹೊರಟರು ಎಂದ. ನಾನು ಅವನನ್ನೇ ಕೂರಿಸಿಕೊಂಡು ಮನೆಗೆ ಬಂದೆ. ಮನೆಯ ಮುಂದೆ ಒಂದು ಬಿಳಿ ಸ್ವಾತಿ ನಿಂತಿತ್ತು. ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು ಒಳಗೆ ಹೋದೆ. ಒಳಗೆ ಅವಳೊಬ್ಬಳೇ ಇದ್ದಳು, ಹುರುಳಿಕಾಯಿ ಸೋಸುತ್ತಿದ್ದಳು.

"ಯಾರದ್ದು ಹೊರಗಿರೋದು?" ಎಂದೆ.

"ನಂದು," ಎಂದಳು.

ಸ್ವಾತಿಯ ಅಂಗಡಿಯವರೇ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಕಾರು ಕಲಿಸುತ್ತಿದ್ದರಂತೆ. ಊಟದ ಬಿಡುವಿನಲ್ಲಿ ಹೋಗಿ ಕಲಿತಿದ್ದಳು. ತನ್ನ ಸಂಬಳ ಕೂಡಿಟ್ಟು ಕೊಂಡಿದ್ದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಒಂದು ಚಕೋರ ತಂದು ನಿಲ್ಲಿಸುತ್ತಿದ್ದಿರಿ ಎಂದಳು. ಅದು ನಿಜ. ಊರಿನವರು ಏನೆನ್ನುತ್ತಾರೆ, ಚಕೋರದ ಮ್ಯಾನೇಜರನ ಹೆಂಡತಿಯೇ ಸ್ವಾತಿ ಓಡಿಸಿದರೆ ನಾನು ಯಾವ ಮುಖ ಇಟ್ಟುಕೊಂಡು ಗಿರಾಕಿಯ ಮುಂದೆ ನಿಲ್ಲಲಿ ಎಂದು ಇನ್ನೂ ಏನೇನೋ ಅಂದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ಜಗಳಕ್ಕಲ್ಲ, ಬಹಳ ಸಮಾಧಾನವಾಗಿ ಹೇಳಿದಳು:

"ಒಬ್ಬಳೇ ಕೂತ್ಕೊಂಡು ಹೋಗ್ಬೇಕು ಅನ್ನಿಸ್ತು ರೀ. ಅಷ್ಟೇ."

ಮುರಿಗೆಪ್ಪನವರ ಕಿವಿಗೆ ಇದು ಬೀಳಲು ತಡವಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಳಗೆ ಕರೆಸಿದರು. ಅವರು ನನ್ನ ತಂದೆಯ ವಯಸ್ಸಿನವರು, ವಿಭೂತಿ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಎದುರಿಗೆ ನಿಲ್ಲಲು ಎಲ್ಲರಿಗೂ ಭಯ. ನಾನು ಕೆಲಸ ಬಿಡು ಎನ್ನುತ್ತಾರೆಂದೇ ಸಿದ್ಧನಾಗಿ ಹೋಗಿದ್ದೆ. ಅವರು ಬಾಗಿಲು ಮುಂದೆ ಮಾಡಲು ಹೇಳಿ, ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ಸದಾನಂದ, ಬೈಯೋಕೆ ಕರೀಲಿಲ್ಲ. ಕಾತ್ಯಾಯಿನಿಗೆ, ಆ ಮಗೂಗೆ ಹೇಗನ್ಸುತ್ತಂತೆ? ಒಬ್ಬಳೇ ಹೋಗೋವಾಗ?"

ನನಗೆ ಗೊತ್ತಿಲ್ಲ ಎಂದೆ. ಕೇಳಿಲ್ಲವೇ ಎಂದರು. ಇಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿ, ತಾನು ಹುಟ್ಟಿದಾಗಿನಿಂದ ಯಾವ ಕಾರಿನಲ್ಲೂ ಒಬ್ಬನೇ ಕೂತವನಲ್ಲ, ಒಂದು ಸಲ ಕೂತು ನೋಡಬೇಕು ಎನ್ನಿಸುತ್ತದೆ, ಆದರೆ ಸ್ವಾತಿಯ ಅಂಗಡಿಗೆ ಹೋಗಿ ಹೇಗೆ ಕೇಳಲಿ ಎಂದರು. ಇಷ್ಟು ವರ್ಷ ಚಕೋರ ಮಾರಿದ ಮನುಷ್ಯ ಹೇಳಿದ ಮಾತು ಇದು. ಹೊರಗೆ ಬಂದು ನಿಂತರೆ ನಮ್ಮ ಷೋರೂಮಿನ ಕಾರುಗಳು ಒಂದರ ಪಕ್ಕ ಒಂದು ಮಿಂಚುತ್ತ ನಿಂತಿದ್ದವು. ಧೂಳು ಒರೆಸುವವರೂ ಆಗ ಕಡಿಮೆಯಾಗಿದ್ದರು.

ಅಲ್ಲಿಂದ ಮುಂದೆ ನಾನು ಒಬ್ಬನೇ ಮನೆಯಿಂದ ಹೊರಡಬೇಕಾಯಿತು. ಎಂದರೆ, ಹೊರಡಲು ಆಗುತ್ತಿರಲಿಲ್ಲ. ಕಟ್ಟೆಯವರೆಗೆ ನಡೆದು ಹೋಗಿ ಯಾರನ್ನಾದರೂ ಕರೆತರಬೇಕು. ಕಾತ್ಯಾಯಿನಿ ಅಷ್ಟರಲ್ಲಿ ಸ್ವಾತಿಯನ್ನು ಹಿಂದಕ್ಕೆ ತೆಗೆದು, ಒಂದು ಸಲ ಕನ್ನಡಿ ನೋಡಿಕೊಂಡು ಹೊರಟಿರುತ್ತಿದ್ದಳು. ಮೊದಮೊದಲು ನೇರ ಶಾಲೆಗೆ ಹೋಗಿ ನೇರ ಮನೆಗೆ ಬರುತ್ತಿದ್ದಳು. ಆಮೇಲೆ ಸಂಜೆ ಬರುವುದು ತಡವಾಗತೊಡಗಿತು. ಎಲ್ಲಿಗೆ ಹೋಗಿದ್ದೆ ಎಂದರೆ ಕೆರೆ ಏರಿಯ ಮೇಲೆ ಎನ್ನುವಳು, ಇನ್ನೊಂದು ದಿನ ಹಳೆ ಸುಂಕದ ಗೇಟಿನ ಹತ್ತಿರ ಎನ್ನುವಳು. ಅಲ್ಲೇನು ಮಾಡಿದೆ ಎಂದರೆ, ಏನಿಲ್ಲ, ಹೋಗಿ ಬಂದೆ. ಮನುಷ್ಯನ ಮನಸ್ಸು ನೋಡಿ, ನನಗೆ ಏನೇನೋ ಅನುಮಾನ ಬಂತು. ಒಂದು ದಿನ ಷೋರೂಮಿನ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೆ ಬೇರೆ ಕಾರಣ ಹೇಳಿ, ಅವಳ ಹಿಂದೆ ಹೋದೆ. ಅವಳು ಏರಿಯ ಮೇಲೆ ನಿಧಾನವಾಗಿ ಹೋದಳು. ಕೊನೆಯಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಕಿಟಕಿಯ ಗಾಜು ಇಳಿಸಿ ಕೂತಳು. ನೀರಿನ ಮೇಲೆ ಬಿಸಿಲು ಕಡಿಮೆಯಾಗುವವರೆಗೂ ಕೂತಿದ್ದಳು. ಯಾರೂ ಬರಲಿಲ್ಲ. ಒಂದು ಸಲ ಅವಳ ತಲೆ ಅಲ್ಲಾಡಿದ್ದು ಕಾಣಿಸಿತು. ಹಾಡು ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರಾದರೂ ಬಂದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ನಾನು ಕಾರು ತಿರುಗಿಸಿಕೊಂಡು ಬಂದೆ.

ಚಕೋರ ನಿಂತ ಸುದ್ದಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದಿತ್ತು. ಅದಕ್ಕೆ ಮೊದಲೇ ಕಾರ್ಖಾನೆಯಲ್ಲಿ ಒಂದು ಪಾಳಿ ತೆಗೆದಿದ್ದರು, ಕ್ಯಾಂಟೀನು ಮುಚ್ಚಿದ್ದರು, ಎಲ್ಲರಿಗೂ ಗೊತ್ತೇ ಇತ್ತು. ಕೊನೆಯ ಕಾರನ್ನು ಹೊರಗೆ ತರುವ ದಿನ ಮುರಿಗೆಪ್ಪನವರೂ ನಾನೂ ಹೋಗಿದ್ದೆವು. ಬಿಸ್ಕತ್ತಿನ ಬಣ್ಣದ ಕಾರು. ಯಾರು ಓಡಿಸಬೇಕೆಂದು ನಿರ್ಧಾರವಾಗಿರಲಿಲ್ಲ. ಬಣ್ಣ ಹೊಡೆಯುವ ವಿಭಾಗದ ಹಳೆಯ ಕೆಲಸಗಾರರೊಬ್ಬರು ಬಲಗಡೆ ಹತ್ತಿದರು. ಎಡಗಡೆ ಹತ್ತಲು ಒಬ್ಬರೂ ಮುಂದೆ ಬರಲಿಲ್ಲ. ಸಂಕೋಚವೋ ದುಃಖವೋ ತಿಳಿಯದು. ಎಂಜಿನ್ ಶುರುವಾಗಿ ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು. ಕೊನೆಗೆ ಊರಿನ ಯಾರಿಗೂ ಸೇರದ, ಕಂಪನಿಯ ಕಡೆಯಿಂದ ಬೀಗ ಹಾಕಲು ಬಂದಿದ್ದ ಅಧಿಕಾರಿ ಫೈಲು ಹಿಡಿದುಕೊಂಡೇ ಹತ್ತಿ ಕೂತ. ಕಾರು ಗೇಟು ದಾಟಿತು. ಕೆಲವರು ಚಪ್ಪಾಳೆ ಹೊಡೆದರು, ಅರ್ಧಕ್ಕೇ ನಿಲ್ಲಿಸಿದರು. ಆ ವರ್ಷವೇ ಮುರಿಗೆಪ್ಪನವರು ಹಾಸಿಗೆ ಹಿಡಿದರು, ಚಳಿಗಾಲ ಮುಗಿಯುವ ಮುಂಚೆ ತೀರಿಕೊಂಡರು. ಒಬ್ಬರೇ ಕಾರಿನಲ್ಲಿ ಕೂತು ನೋಡಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಅವರ ಅಳಿಯ ಅದೇ ಷೋರೂಮಿನಲ್ಲಿ ಸ್ವಾತಿಯನ್ನೇ ತಂದ. ನನ್ನನ್ನು ಕರೆದು, ನಿಮಗೆ ಊರೆಲ್ಲ ಗೊತ್ತು, ಇಲ್ಲೇ ಇರಿ ಎಂದ. ಒಳ್ಳೆಯ ಹುಡುಗ, ಗೌರವದಿಂದಲೇ ಹೇಳಿದ. ನಾನು ಇದ್ದೆ. ಆದರೆ ಅಲ್ಲಿ ಮಾರುವುದಕ್ಕೆ ನಾನು ಬೇಕಾಗಿರಲಿಲ್ಲ. ಗಿರಾಕಿಗೆ ಬೀಗದ ಕೈ ಕೊಡುತ್ತಿದ್ದೆ, ಅಭ್ಯಾಸಬಲದಿಂದ ಎಡಗಡೆ ಬಾಗಿಲಿಗೆ ಕೈ ಹಾಕುತ್ತಿದ್ದೆ. ಇರಲಿ ಸಾರ್, ಒಬ್ಬನೇ ನೋಡಿ ಬರ್ತೀನಿ ಎನ್ನುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದೆ. ಹೊತ್ತಾದ ಮೇಲೆ ವಾಪಸ್ ಬಂದು, ಮುಖದಲ್ಲಿ ಏನೋ ಒಂದು ಥರ ನಿರಾಳ ಇಟ್ಟುಕೊಂಡು, ತಗೊಳ್ತೀನಿ ಎನ್ನುತ್ತಿದ್ದರು. ಅವರ ಮಕ್ಕಳ ಹೆಸರು ಕೂಡ ನನಗೆ ತಿಳಿಯುತ್ತಿರಲಿಲ್ಲ.

ನನ್ನ ಬೂದುಬಣ್ಣದ ಚಕೋರಕ್ಕೆ ಬಿಡಿಭಾಗ ಸಿಗುವುದು ನಿಂತಿತು. ಮೆಕ್ಯಾನಿಕ್ ಬೇರೆ ಕಾರಿನದನ್ನು ಉಜ್ಜಿ ಕೂರಿಸಿ ಒಂದೆರಡು ವರ್ಷ ದೂಡಿದ. ಕ್ಲಚ್ಚು ಪೂರ್ತಿ ಸವೆದ ಮೇಲೆ, ಇನ್ನು ಒಂದು ಸಲ ಎಲ್ಲಿಗಾದರೂ ಹೋಗಿ ಬರಬಹುದು, ಅಷ್ಟೇ ಸಾರ್ ಎಂದ. ಗುಡ್ಡದಾಚೆ ಗುಜರಿ ಅಂಗಡಿಯಿತ್ತು, ಊರಿನ ಚಕೋರಗಳೆಲ್ಲ ಅಲ್ಲಿಗೇ ಹೋಗಿದ್ದವು. ಲಾರಿಗೆ ಹಗ್ಗ ಕಟ್ಟಿ ಎಳೆಸಬಹುದಿತ್ತು. ಮನಸ್ಸಾಗಲಿಲ್ಲ. ತಾನಾಗಿ ಹೋಗಲಿ ಅನ್ನಿಸಿತು. ಕಟ್ಟೆಯವರೆಗೆ ನಡೆದು ಹೋದೆ. ಅಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಅರ್ಧಭಾಗ ಒಡೆದು ಮೊಬೈಲ್ ಕಂಪನಿಯವರು ಕಂಬ ನಿಲ್ಲಿಸಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಜೊತೆಗೆ ಬರುತ್ತೀಯೇನಮ್ಮ ಎಂದು ಕೇಳಿದೆ. ಅವಳಿಗೆ ಆ ಮಾತಿನ ಅರ್ಥವೇ ಗೊತ್ತಿರಲಿಲ್ಲ, ಗಾಬರಿಯಿಂದ ರಸ್ತೆ ದಾಟಿ ಹೋದಳು.

ಅವತ್ತು ಸಂಜೆ ಕಾತ್ಯಾಯಿನಿ ಬಟ್ಟೆ ಮಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ನಾಳೆ ಗುಜರಿಯವರೆಗೂ ಬರುತ್ತೀಯಾ, ನಿನ್ನ ಶಾಲೆಗೆ ರಜೆ ಇದ್ದರೆ, ವಾಪಸ್ ಬಸ್ಸಿನಲ್ಲಿ ಬರೋಣ ಎಂದೆ. ಅವಳು ನನ್ನ ಮುಖ ನೋಡಿದಳು. ಬರುತ್ತೇನೆ ಎಂದಳು.

ಬೆಳಿಗ್ಗೆ ಕಾರನ್ನು ತೊಳೆದೆ. ಗುಜರಿಗೆ ಹೋಗುವ ಕಾರನ್ನು ಯಾರಾದರೂ ತೊಳೆಯುತ್ತಾರಾ ಎಂದು ಅವಳು ಕೇಳಲಿಲ್ಲ, ಇನ್ನೊಂದು ಬಟ್ಟೆ ತಂದು ಹಿಂದಿನ ಗಾಜು ಒರೆಸಿದಳು. ನನ್ನದು ಹಳೆಯ ಚಕೋರ, ಎಡಗಡೆ ಮೆತ್ತನೆಯ ಸೀಟಿನದು. ಅವಳು ಕೂತು ಬಾಗಿಲು ಎಳೆದುಕೊಂಡಳು, ಕಾರು ಹೊರಟಿತು. ಊರು ದಾಟಿದೆವು. ನನಗೆ ಹೇಳಲು ಸುದ್ದಿಯಿರಲಿಲ್ಲ. ಗುಡ್ಡದ ಏರಿನಲ್ಲಿ ಕ್ಲಚ್ಚು ವಾಸನೆ ಬರತೊಡಗಿತು, ನಿಧಾನ ಮಾಡಿದೆ. ಆಗ, ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

"ಇಷ್ಟು ವರ್ಷ ನನ್ನ ಜೊತೆ ಬರೋದು ನಿಂಗೆ ಬೇಜಾರಾಗಿತ್ತಾ?"

ಅವಳು ಹಸಿರು ಪರದೆ ಸರಿಸಿದಳು. ಹೊರಗೆ ಬೋಳು ಗುಡ್ಡ, ಒಂದೆರಡು ಎಮ್ಮೆ.

"ಬೇಜಾರು ಅಂತಲ್ಲ. ನಾನು ಬರ್ದೇ ಇದ್ರೆ ಗಾಡಿ ನಿಲ್ತಿತ್ತಲ್ಲ. ಬಂದೆ. ನೀವು ಗೇಟಲ್ಲಿ ಹಾರ್ನ್ ಹೊಡೀತಿದ್ರಿ, ನಾನು ಕೈ ಒರೆಸ್ಕೊಂಡು ಓಡಿ ಬರ್ತಿದ್ದೆ. ಬರ್ತೀಯಾ ಅಂತ ಒಂದಿನ ಕೇಳಿದ್ರಾ?"

ನಾನು ನೆನಪು ಮಾಡಿಕೊಂಡೆ. ಕಟ್ಟೆಯಲ್ಲಿ ಕೂತ ಗುರುತಿಲ್ಲದವರನ್ನು ದಿನಾ ಕೇಳುತ್ತಿದ್ದೆ. ಅವಳನ್ನು ಕೇಳುವುದು ಎನ್ನುವುದೇ ತಲೆಗೆ ಬಂದಿರಲಿಲ್ಲ.

"ನಿನ್ನೆ ಕೇಳಿದ್ರಿ," ಎಂದಳು ಅವಳು. "ಅದಕ್ಕೇ ಬಂದೆ."

ಆಮೇಲೆ ಗುಡ್ಡ ಇಳಿಯುವಾಗ ಅವಳೇ ಮಾತು ತೆಗೆದಳು. ಹೊಲಿಗೆ ಶಾಲೆಯಲ್ಲಿ ಒಬ್ಬ ಹುಡುಗಿ ಎಡಗೈಯಲ್ಲಿ ಕಾಜಾ ಹೊಲಿಯುತ್ತಾಳೆ, ಬಲಗೈಯವರಿಗಿಂತ ಚೆನ್ನಾಗಿರುತ್ತದೆ ಎಂದಳು. ತಾನು ಚಿಕ್ಕವಳಿದ್ದಾಗ ತಂದೆಯ ಜೊತೆ ಇದೇ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಬಂದಿದ್ದೆ, ಕಾರಿಗೆ ಇಬ್ಬರಾದರೆ ಎತ್ತಿನ ಗಾಡಿಗೆ ಮೂವರು ಬೇಕೆಂದು ಅಪ್ಪ ತಮಾಷೆ ಮಾಡಿ ಮೂರನೆಯವಳಾಗಿ ಒಂದು ಗೊಂಬೆ ಕೊಡಿಸಿದ್ದರು ಎಂದಳು. ನಾನು ಹೂಂ ಎನ್ನುತ್ತಿದ್ದೆ. ಇದನ್ನೆಲ್ಲ ಯಾಕೆ ಮೊದಲು ಹೇಳಲಿಲ್ಲ ಎಂದು ಬಾಯಿಗೆ ಬಂತು. ತಡೆದುಕೊಂಡೆ. ಆ ದಾರಿ ಇನ್ನೂ ಸ್ವಲ್ಪ ಉದ್ದವಿದ್ದಿದ್ದರೆ ಎನ್ನಿಸಿತು. ಗುಜರಿಯ ತಗಡಿನ ಬೇಲಿ ಕಾಣಿಸಿತು.

ಗೇಟಿನ ಹತ್ತಿರ ಕೆಸರಿತ್ತು, ಕಾತ್ಯಾಯಿನಿ ಅಲ್ಲೇ ಇಳಿದು ನಿಂತಳು. ಒಳಗೆ ತರಬೇಕೆಂದು ಗುಜರಿಯವನು ಕೈ ಬೀಸಿದ. ಕ್ಲಚ್ ಬಿಟ್ಟೆ, ಕಾರು ಅಲುಗಲಿಲ್ಲ. ಅವನಿಗೆ ಗೊತ್ತಿತ್ತು. ಗೊಣಗಿಕೊಂಡು ಬಂದು, ಎಣ್ಣೆ ಮೆತ್ತಿದ ಚಡ್ಡಿಯಲ್ಲೇ ಎಡಗಡೆ ಹತ್ತಿ ಕೂತ. ಈ ಚಕೋರಗಳದ್ದು ದೊಡ್ಡ ರಗಳೆ, ಒಂದನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸಬೇಕಾದರೂ ತಮ್ಮನನ್ನು ಕರೆಯಬೇಕು ಎಂದ. ಸೀಟಿನ ಮೇಲೆ ಒಂದೆರಡು ಸಲ ಕುಪ್ಪಳಿಸಿ, ಇದು ಮಾತ್ರ ಚೆನ್ನಾಗಿದೆ, ಮನೆಗೆ ಕೊಂಡೊಯ್ಯುತ್ತೇನೆ ಎಂದ. ಅವನ ಹೆಸರೇನು, ಮಕ್ಕಳೆಷ್ಟು ಎಂದು ಕೇಳಿದೆ. ಬಾಯಿತುಂಬ ಎಲೆಯಡಿಕೆ ಇದ್ದದ್ದರಿಂದ ಅವನು ಹೇಳಿದ್ದು ನನಗೆ ತಿಳಿಯಲಿಲ್ಲ. ಬೇಲಿಯ ಬದಿಯಲ್ಲಿ ಚಕೋರಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಹಲ್ಲಿನ ಡಾಕ್ಟರರ ನೀಲಿ ಕಾರಿನ ಗುರುತು ಸಿಕ್ಕಿತು. ಎಂಜಿನ್ ಆರಿಸಿ, ಬೀಗದ ಕೈ ಅವನಿಗೆ ಕೊಟ್ಟು ಇಳಿದೆ. ಹಿಂತಿರುಗಿ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ತೊಳೆದ ಕಾರು ಆ ತುಕ್ಕಿನ ನಡುವೆ ಹೊಸದರಂತೆ ಕಾಣುತ್ತಿತ್ತು.

ರಸ್ತೆ ಬದಿಯಲ್ಲಿ ಬಹಳ ಹೊತ್ತು ಕಾದ ಮೇಲೆ ಬಸ್ಸು ಬಂತು. ತುಂಬಿತ್ತು. ಕಾತ್ಯಾಯಿನಿ ಮುಂದಿನ ಬಾಗಿಲಲ್ಲಿ ಹತ್ತಿದಳು, ನಾನು ಹಿಂದಿನದರಲ್ಲಿ. ಹೆಂಗಸರ ಸೀಟಿನಲ್ಲಿ ಯಾರೋ ಸರಿದು ಅವಳಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟರು. ನಾನು ಹಿಂದೆ ಕಂಬಿ ಹಿಡಿದು ನಿಂತೆ. ಜನರ ತಲೆಗಳ ನಡುವೆ ಅವಳ ತುರುಬು, ಕಿಟಕಿಯ ಚೌಕಟ್ಟಿನ ಮೇಲಿಟ್ಟ ಕೈ ಕಾಣುತ್ತಿದ್ದವು. ಪಕ್ಕದವಳ ಜೊತೆ ಏನೋ ಮಾತಾಡಿ ನಕ್ಕಳು. ಬಸ್ಸು ಗುಡ್ಡ ಹತ್ತತೊಡಗಿತು. ಕಂಡಕ್ಟರು ಮುಂದಿನಿಂದ ಟಿಕೆಟ್ ಹರಿಯುತ್ತ ನನ್ನ ಹತ್ತಿರ ಬಂದ.

"ಎರಡು ಕೊಡಿ," ಎಂದೆ. "ಮುಂದೆ ನಮ್ಮನೆಯವರಿದ್ದಾರೆ. ಕಿಟಕಿ ಹತ್ತಿರ, ಹಸಿರು ಸೀರೆ."

ಅವನು ಕತ್ತು ಚಾಚಿ ಮುಂದೆ ನೋಡಿದ.

"ಅವರು ಅವರದ್ದು ತಗೊಂಡಾಯ್ತು ಸಾರ್."

ಒಂದು ಹರಿದು ನನ್ನ ಕೈಗೆ ಕೊಟ್ಟು, ಇನ್ನೊಬ್ಬರ ಕಡೆಗೆ ತಿರುಗಿದ.